‘ಎಲ್ಲವೂ ಗಂಡು’ ಎಂದು ಬಂದ ಮೀನುಮರಿಗಳು

ಕಾಸರಗೋಡಿನ ಮುಳ್ಳೇರಿಯದ ನಮ್ಮ ತೋಟದಲ್ಲಿ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಬಂದು ಬೀಳುವ ಒಂದು ಟಾರ್ಪಾಲಿನ ಹೊಂಡವಿದೆ. ಸುಮ್ಮನೆ ಬಿದ್ದಿರುವುದೇಕೆಂದು ಕಳೆದ ಜೂನ್‌ನಲ್ಲಿ 500 ತಿಲಾಪಿಯಾ ಮರಿ ತರಿಸಿದೆ. ಮಾರಿದವರ ಹೆಸರು ಬೇಡ. ಮಲಯಾಳದ ಬಿಲ್ಲಿನಲ್ಲಿ ‘ಎಲ್ಲವೂ ಗಂಡು’ ಎಂದು ಬರೆದು ಮೊಹರನ್ನೂ ಒತ್ತಿದ್ದರು.

ಸಾಗಾಟಕ್ಕೆ ಪೂರ್ಣ ಅಂಕ. ಆಮ್ಲಜನಕ ತುಂಬಿದ ಚೀಲ ಬಿಗಿಯಾಗಿತ್ತು, ಸತ್ತದ್ದು ನಾಲ್ಕೇ. ಎಣಿಕೆಯಲ್ಲೂ ಹತ್ತು ಹೆಚ್ಚೇ ಇದ್ದವು.

ನವೆಂಬರ್‌ನ ಒಂದು ಬೆಳಿಗ್ಗೆ ತಿಂಡಿ ಹಾಕಲು ಹೋದ ಹೆಂಡತಿ ಅಲ್ಲಿಂದಲೇ ಕೂಗಿದಳು: “ನಿಮ್ಮ ಗಂಡುಗಳು ಹೆತ್ತಿವೆ, ಬಂದು ನೋಡಿ!” ಅಂಚಿನುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಮರಿಗಳು.

ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನಿಗೆ ಇಂಥ ಅವಮಾನ! ನಲವತ್ತು ಮೀನು ಹಿಡಿದು ಹೊಟ್ಟೆಯ ಕೆಳಗೆ ಶಾಯಿ ಸವರಿ ನೋಡಿದೆ. ಗಂಡಿಗೆ ಮಲದ್ವಾರದ ಹಿಂದೆ ಒಂದೇ ರಂಧ್ರ, ಮೂತ್ರಕ್ಕೂ ವೀರ್ಯಕ್ಕೂ ಅದೇ. ಹೆಣ್ಣಿಗೆ ಮೊಟ್ಟೆ ಇಳಿಯಲು ಬೇರೆಯೇ ಒಂದು ಸೀಳಿರುತ್ತದೆ, ಶಾಯಿ ಅದರಲ್ಲಿ ಗೆರೆಯಾಗಿ ನಿಲ್ಲುತ್ತದೆ. ಏಳು ಹೆಣ್ಣು ಸಿಕ್ಕವು. ಒಂದರ ಬಾಯಿ ಬಿಡಿಸಿದರೆ ಒಳಗೆ ಹಳದಿ ಮೊಟ್ಟೆಗಳು. ಹಾಗೆ ಕಾವು ಕೊಡುವಷ್ಟು ದಿನ ತಾಯಿ ತಿನ್ನುವುದಿಲ್ಲ, ಬೆಳೆಯುವುದೂ ಇಲ್ಲ. ಗಂಡೇ ಬೇಕೆನ್ನುವುದು ಅದಕ್ಕಾಗಿ.

ಫೋನ್ ಮಾಡಿದರೆ “ನಿಮ್ಮ ನೀರಿನ ದೋಷ, ಮಾಷೇ” ಎಂದರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಮರಿ ಹೊಟ್ಟೆಯಡಿಯ ಹಳದಿ ಭಂಡಾರ ಮುಗಿಸಿ ಈಜತೊಡಗಿದಾಗ ಅದರ ಜನನಾಂಗ ಇನ್ನೂ ಯಾವ ಕಡೆಗೂ ವಾಲಿರುವುದಿಲ್ಲ. ಎಕ್ಸ್‌ಎಕ್ಸ್ (ಹುಟ್ಟಿನಿಂದ ಹೆಣ್ಣಿನ ವರ್ಣತಂತುಗಳಿರುವ) ಮರಿಯಲ್ಲಿ ಅರೊಮಟೇಸ್ ಎಂಬ ಕಿಣ್ವದ ಜೀನ್ ಚುರುಕಾಗಿ, ಗಂಡು ಹಾರ್ಮೋನನ್ನು ಈಸ್ಟ್ರೊಜೆನ್ ಆಗಿ ಬದಲಿಸಿ, ಅಂಡಾಶಯ ಕಟ್ಟಿಸುತ್ತದೆ. ಆ 3–4 ವಾರ ಮೀಥೈಲ್ ಟೆಸ್ಟೊಸ್ಟೆರೋನ್ ಎಂಬ ಕೃತಕ ಗಂಡು ಹಾರ್ಮೋನು ಬೆರೆಸಿದ ಆಹಾರವನ್ನೇ (ಕಿಲೋಗೆ ಸಾಮಾನ್ಯವಾಗಿ 60 ಮಿಲಿಗ್ರಾಂ) ತಿನ್ನಿಸಿದರೆ ಎಕ್ಸ್‌ಎಕ್ಸ್ ಮರಿಯಲ್ಲೂ ವೃಷಣ ಬೆಳೆಯುತ್ತದೆ. ಜೀನ್ ಮಾತ್ರ ಹೆಣ್ಣಿನದೇ. ತಡವಾಗಿ ಆರಂಭಿಸಿದರೆ, ಅಥವಾ ಬಲವಾದ ಮರಿಗಳು ತಿಂಡಿಯೆಲ್ಲ ಕಬಳಿಸಿ ಬಡಪಾಯಿಗಳು ಪಾಚಿ ತಿಂದು ಬದುಕಿದರೆ, ಅವು ಹೆಣ್ಣಾಗಿಯೇ ಉಳಿಯುತ್ತವೆ. ನಮ್ಮ ಹೊಂಡಕ್ಕೆ ಬಂದಾಗ ಮರಿಗಳು ಬೆರಳ ಗೆಣ್ಣಿನಷ್ಟಿದ್ದವು; ಆಗಲೇ ಎಲ್ಲ ತೀರ್ಮಾನವಾಗಿತ್ತು. ಎಳೆತನದಲ್ಲಿ ನೀರು 36 ಡಿಗ್ರಿಗೆ ಏರಿದರೂ ಹೆಚ್ಚುವುದು ಗಂಡುಗಳೇ. ಸುರಂಗದ ತಂಪು ನೀರಿನ ಮೇಲೆ ಗೂಬೆ ಕೂರಿಸುವುದು ಏಕೆ?

ನೂರಕ್ಕೆ ಎರಡು ಮೂರು ತಪ್ಪಿದ್ದರೆ ಸುಮ್ಮನಿರುತ್ತಿದ್ದೆ. ನಲವತ್ತಕ್ಕೆ ಏಳು ಎಂದರೆ ಕೆಲಸದಲ್ಲೇ ಸೋಮಾರಿತನ. ಹಾರ್ಮೋನು ಯಾವ ದಿನ ಶುರು ಮಾಡಿದಿರಿ ಎಂದು ಕೇಳಿದೆ. ಮುಂದಿನ ಸಲ ಐವತ್ತು ಮರಿ ಉಚಿತ ಎಂದರು.

ಈ ವಾರ ಹೊಂಡ ಬತ್ತಿಸುತ್ತಿದ್ದೇನೆ. ಸಾರಿಗೆ ಪುಡಿಮೀನು ಬೇಕಾದವರು ಪಾತ್ರೆ ತನ್ನಿ, ಆದರೆ ಒಂದನ್ನೂ ತೋಡಿಗೆ ಬಿಡಬೇಡಿ.