ಸಂಧಿವಾತಕ್ಕೆ ಹೆಸರಿಲ್ಲದ ಪೊಟ್ಟಣ ಕೊಡುವವರನ್ನು ದಯವಿಟ್ಟು ನಂಬಬೇಡಿ

ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆಯ ಬಂಧುಗಳೇ, ರುಮಟಾಯ್ಡ್ ಸಂಧಿವಾತವನ್ನು ಬುಡಸಮೇತ ಗುಣಪಡಿಸುತ್ತೇವೆಂದು ಲೇಬಲ್ ಇಲ್ಲದ ಪುಡಿ ಕೊಡುವವರಿಂದ ದೂರವಿರಿ. ನನ್ನ ಅಕ್ಕನಿಗೆ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೆಳಗಾವಿಯ ತಜ್ಞ ವೈದ್ಯರು ಅಕ್ಕನಿಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ (ಕೀಲುಗಳು ಹಾಳಾಗುವುದನ್ನು ತಡೆಯುವ ಔಷಧ), ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ ಬರೆದುಕೊಟ್ಟು, ಗುಣ ಕಾಣಲು 6ರಿಂದ 12 ವಾರ ಬೇಕೆಂದು ಮೊದಲೇ ಹೇಳಿದ್ದರು. ಮುಂಜಾನೆ ಎದ್ದು ಚಹಾದ ಕಪ್ಪನ್ನೂ ಹಿಡಿಯಲಾಗದವರಿಗೆ ಆ ವಾರಗಳನ್ನು ಕಳೆಯುವುದು ಎಷ್ಟು ಕಷ್ಟವೆಂಬುದು ಈ ಪುಡಿ ಮಾರುವವರಿಗೆ ಚೆನ್ನಾಗಿ ಗೊತ್ತು. ಅವರು ಕೈಹಾಕುವುದೇ ಆ ಸಮಯದಲ್ಲಿ.

ಸಂಬಂಧಿಕರು ಹೇಳಿದ ಆ ಮನುಷ್ಯ ನಾಡಿ ಹಿಡಿದು, ರಕ್ತ ಪರೀಕ್ಷೆಯ ವರದಿಯನ್ನು ತೆರೆದೂ ನೋಡದೆ, “ಇಂಗ್ಲಿಷ್ ಗುಳಗಿ ಇವತ್ತ ಬಂದ್ ಮಾಡ್ರಿ ಅಕ್ಕಾರ, ಅವು ಕಿಡ್ನಿ ತಿಂತಾವ. ನಂದು ಬರೇ ಗಿಡಮೂಲಿಕಿ” ಎಂದ. ಬಿಳಿ ಕಾಗದದಲ್ಲಿ ಮಡಚಿದ ಕಂದು ಪುಡಿ. ತಯಾರಕರ ಹೆಸರಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಏನು ಹಾಕಿದೆಯೆಂಬ ವಿವರವಿಲ್ಲ. ರಸೀದಿ ಕೇಳಿದರೆ “ಇದು ಸೇವಾ ಐತ್ರಿ, ವ್ಯಾಪಾರ ಅಲ್ಲ” ಎಂಬ ಉತ್ತರ. ಸೇವೆಯೆನ್ನುವವನು ಸಾವಿರಾರು ರೂಪಾಯಿ ಮುಂಗಡವಾಗಿ ಏಕೆ ಪಡೆಯಬೇಕು?

ಕೆಲವೇ ದಿನಗಳಲ್ಲಿ ನೋವು ಮಾಯವಾಯಿತು. ಅಕ್ಕ ಮತ್ತೆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದಾಗ ಮನೆಯವರೆಲ್ಲ ಆತನಿಗೆ ಕೈಮುಗಿದೆವು. ಮೋಸ ಅಲ್ಲಿಯೇ ಇತ್ತು. ಬರಬರುತ್ತ ಮುಖ ದುಂಡಗೆ ಊದಿಕೊಂಡಿತು, ಇಲ್ಲದ ಸಕ್ಕರೆ ಕಾಯಿಲೆ ಕಾಣಿಸಿತು. ಪುಡಿ ಮುಗಿದದ್ದೇ ತಡ, ವಾಂತಿ, ತಲೆಸುತ್ತು, ಏಳಲಾಗದಷ್ಟು ನಿಶ್ಶಕ್ತಿ, ಮೊದಲಿಗಿಂತ ಹೆಚ್ಚಿನ ಕೀಲುನೋವು. ಬೆಳಗಾವಿಯಲ್ಲಿ ಮಾಡಿಸಿದ ಮುಂಜಾನೆಯ ರಕ್ತ ಪರೀಕ್ಷೆಯಲ್ಲಿ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸಾಲ್‌ನ ಪ್ರಮಾಣ ತೀರ ಕಡಿಮೆ ಬಂತು. ಇದು ಊತ, ನೋವನ್ನು ಬೇಗ ಅಡಗಿಸುವ ಸ್ಟೀರಾಯ್ಡ್ ಔಷಧ ತಿಂದವರ ಲಕ್ಷಣ, ಹೊರಗಿನಿಂದ ಬಂದದ್ದಕ್ಕೆ ಒಗ್ಗಿದ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸಿದೆ ಎಂದು ವೈದ್ಯರು ಹೇಳಿದರು. ಸ್ಟೀರಾಯ್ಡನ್ನು ವೈದ್ಯರೂ ಕೊಡುತ್ತಾರೆ, ಆದರೆ ಹೇಳಿ ಕೊಡುತ್ತಾರೆ, ಅಳೆದು ಕೊಡುತ್ತಾರೆ, ಮೆಲ್ಲಗೆ ಇಳಿಸುತ್ತಾರೆ. ಹೇಳದೆ ಬೆರೆಸುವುದು ವಿಷವಿಕ್ಕಿದಂತೆ. ಗುಣವಾಗುತ್ತಿದೆಯೆಂದು ನಾವು ಹಿಗ್ಗುತ್ತಿದ್ದಾಗ ನೋವಷ್ಟೇ ಅಡಗಿತ್ತು, ಮೆಥೋಟ್ರೆಕ್ಸೇಟ್ ಇಲ್ಲದ ಕೀಲುಗಳು ಒಳಗೊಳಗೇ ಹಾಳಾಗುತ್ತಿದ್ದವು.

ಫೋನ್ ಮಾಡಿದರೆ ಆತ, “ಬದನಿಕಾಯಿ ತಿಂದಿರಬೇಕು. ಪಥ್ಯ ಕೆಡಿಸಿ ನನ್ನ ಮ್ಯಾಲೆ ಹಾಕಬ್ಯಾಡ್ರಿ” ಎಂದ. ಸ್ಟೀರಾಯ್ಡ್ ಎಂಬ ಮಾತೆತ್ತಿದೊಡನೆ ದನಿ ಬದಲಾಯಿತು: “ನಾನs ಕೊಟ್ಟೀನಿ ಅನ್ನಾಕ ಏನೈತಿ ನಿಮ್ಮ ಕಡೆ? ರಸೀದಿ ತೋರಸ್ರಿ.” ರಸೀದಿ ಕೊಡದವನೇ ರಸೀದಿ ಕೇಳಿದ! ಸೇವೆಯೆಂಬ ಮಾತನ್ನು ಆ ದಿನ ಏಕೆ ಆಡಿದನೆಂಬುದು ನಮಗೆ ಆಗ ತಿಳಿಯಿತು. ಎಲ್ಲವನ್ನೂ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ. ಆ ಮಾತು ಕೇಳಿದ ಅಕ್ಕ ನೆಂಟರ ಮುಂದೆ ಮುಖವೆತ್ತಲೂ ನಾಚುತ್ತಾಳೆ. ನಾಚಬೇಕಾದವನು ಮಾತ್ರ ಇನ್ನೂ ಕರಪತ್ರ ಹಂಚುತ್ತಿದ್ದಾನೆ. ಇಂಥ ಜಾಹೀರಾತುಗಳನ್ನು ನಿಷೇಧಿಸುವ 1954ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ವಾತರೋಗವೂ ಇದೆ. ಆ ಕರಪತ್ರವನ್ನು ಲಗತ್ತಿಸಿಯೇ ಜಿಲ್ಲಾ ಆಯುಷ್ ಅಧಿಕಾರಿಗಳಿಗೆ ದೂರು ಕೊಟ್ಟಿದ್ದೇವೆ.

ರಸೀದಿ ಕೊಡದವರಿಂದ, ಮೆಥೋಟ್ರೆಕ್ಸೇಟ್ ಬಿಡಿ ಎನ್ನುವವರಿಂದ ಏನನ್ನೂ ಕೊಳ್ಳಬೇಡಿ. ಈಗಾಗಲೇ ಇಂಥ ಪುಡಿ ತಿನ್ನುತ್ತಿರುವವರು ಹೆದರಿ ಒಮ್ಮೆಲೇ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಕುತ್ತು. ಉಳಿದ ಪೊಟ್ಟಣಗಳನ್ನು ಎಸೆಯದೆ ಕೈಯಲ್ಲಿ ಹಿಡಿದುಕೊಂಡು ಕೂಡಲೇ ತಜ್ಞ ವೈದ್ಯರ ಬಳಿಗೆ ಹೋಗಿ.