ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿ: ಮೈಮೊನಿಡಿಸ್ ಕೈಬರಹ, ಅದೂ ಪುಕ್ಕಟೆ

ಮೈಮೊನಿಡಿಸ್ ಅಂದ್ರೆ ಹನ್ನೆರಡನೇ ಶತಮಾನದ ದೊಡ್ಡ ಯಹೂದಿ ತತ್ವಜ್ಞಾನಿ, ತಲೆಗೆ ಹೋಗದ ದಪ್ಪ ಪುಸ್ತಕ ಅಂತ ದೂರ ಇಟ್ಟವರು ಈ ವೆಬ್‌ಸೈಟ್‌ನಿಂದ ಶುರು ಮಾಡಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ದೇವರ ಹೆಸರಿರುವ ಕಾಗದ ಎಸೆಯಬಾರದು ಅಂತ ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರ) ಕೋಣೆಯೊಂದರಲ್ಲಿ ಶತಮಾನಗಟ್ಟಲೆ ತುಂಬಿಟ್ಟಿದ್ದ ರಾಶಿ ಇದೆಯಲ್ಲ, ಗೆನೀಜಾ, ಅದರ ಸುಮಾರು 1,93,000 ತುಣುಕುಗಳು ಕೇಂಬ್ರಿಡ್ಜ್‌ನಲ್ಲಿವೆ, ಅವುಗಳಲ್ಲಿ ಹಲವನ್ನು ಈ ಸೈಟಿನಲ್ಲಿ ನೋಡಬಹುದು. ಧರ್ಮಗ್ರಂಥದ ಪಕ್ಕದಲ್ಲೇ ಲೆಕ್ಕದ ಚೀಟಿ.

ನನಗೆ ಹಿಡಿಸಿದ್ದು ಈ ರಾಶಿಯಲ್ಲಿರುವ ಮೈಮೊನಿಡಿಸ್‌ನ ಪ್ರಶ್ನೋತ್ತರದ ಹಾಳೆಗಳು. ಸ್ಪೇನಿನ ಕೊರ್ಡೋಬಾದಲ್ಲಿ ಹುಟ್ಟಿ, ಅಲ್ಮೊಹದ್ ಆಡಳಿತದ ಕಾಟಕ್ಕೆ ಊರು ಬಿಟ್ಟು, ಮೊರಾಕ್ಕೊದ ಫೆಜ್‌ನಲ್ಲಿ ಇದ್ದು, ಕೊನೆಗೆ ಈಜಿಪ್ಟಿನ ಫುಸ್ತಾತ್‌ನಲ್ಲಿ (ಇವತ್ತಿನ ಹಳೇ ಕೈರೋ) ನೆಲೆ ನಿಂತ ಈತ ಅಲ್ಲಿನ ಯಹೂದಿಗಳ ಮುಖಂಡ, ಜೊತೆಗೆ ಆಸ್ಥಾನದ ವೈದ್ಯ. ಜನ ತಮ್ಮ ತಕರಾರು ಬರೆದು ಕೆಳಗೆ ಜಾಗ ಬಿಟ್ಟು ಕಳಿಸೋರು. ಆತ ಅಲ್ಲೇ ಚುಟುಕಾಗಿ ಉತ್ತರ ಗೀಚಿ ‘ಮೋಶೆ ಬರೆದಿದ್ದು’ ಅಂತ ಮುಗಿಸ್ತಾನೆ, ಮೋಶೆ ಅಂದ್ರೆ ಆತನದೇ ಹೆಸರು. ಝೂಮ್ ಮಾಡಿ ನೋಡಿ, ಥೇಟ್ ಡಾಕ್ಟರ್ ಚೀಟಿ! ಪುರುಸೊತ್ತಾದರೂ ಎಲ್ಲಿತ್ತು? ದಿನಾ ಆಸ್ಥಾನಕ್ಕೆಂದು ಕೈರೋಗೆ ಹೋಗಿ ಹಸಿದು ಮನೆಗೆ ಬಂದರೆ ಬಾಗಿಲಲ್ಲೇ ರೋಗಿಗಳು ಅಂತ ಆತನೇ ಒಂದು ಪತ್ರದಲ್ಲಿ ಗೋಳು ಹೇಳ್ಕೊಂಡಿದ್ದಾನೆ.

ಕೊರತೆ ಇಲ್ಲ ಅಂತಲ್ಲ. ಹೆಚ್ಚಿನವು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ, ಎಲ್ಲದಕ್ಕೂ ಅನುವಾದ ಇಲ್ಲ. ಹುಡುಕೋದು ಇಂಗ್ಲಿಷ್‌ನಲ್ಲಿ. ಮೊಬೈಲ್‌ಗಿಂತ ದೊಡ್ಡ ಪರದೆಯೇ ವಾಸಿ.

ಆದರೂ ಮೈಮೊನಿಡಿಸ್‌ನ ತಮ್ಮ ದಾವೀದ್‌ನ ಪತ್ರವೊಂದಕ್ಕೇ ಈ ಸೈಟಿಗೆ ಹೋಗಬಹುದು. ಮನೆ ನಡೀತಿದ್ದದ್ದು ಅವನ ವ್ಯಾಪಾರದಿಂದ. ಕೆಂಪು ಸಮುದ್ರದ ಐದಾಬ್ ಬಂದರಿನಿಂದ ಅಣ್ಣನಿಗೆ ಬರೀತಾನೆ: ಕಾರವಾನ್ (ಪ್ರಯಾಣಿಕರ ತಂಡ) ಬಿಟ್ಟು ಮರುಭೂಮಿ ದಾಟಿ ಬಂದೆ, ಇಲ್ಲಿ ನೀಲಿ ಬಣ್ಣ (ಇಂಡಿಗೋ) ಬಿಟ್ಟರೆ ಕೊಳ್ಳೋಕೆ ಏನೂ ಇಲ್ಲ, ಹಡಗು ಹತ್ತುತ್ತೇನೆ, ಮರುಭೂಮಿಯಲ್ಲಿ ಕಾಪಾಡಿದವನು ಸಮುದ್ರದಲ್ಲೂ ಕಾಪಾಡ್ತಾನೆ, ಚಿಂತೆ ಬೇಡ ಅಂತ. ಅವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ, ಬಹುಶಃ ಅದೇ ಪ್ರಯಾಣದಲ್ಲಿ. ಸುದ್ದಿ ಕೇಳಿದ ಅಣ್ಣ ಹತ್ತಿರ ಹತ್ತಿರ ಒಂದು ವರ್ಷ ಹಾಸಿಗೆ ಹಿಡಿದ. ಆ ಕಾಗದದ ಮಡಿಕೆಗಳು ಕೂಡ ಸ್ಕ್ರೀನ್ ಮೇಲೆ ಕಾಣ್ತವೆ.

ಮಂಗಳೂರು ಕಡೆಯವರಿಗೆ ಇನ್ನೊಂದು ಆಕರ್ಷಣೆ ಇದೆ. ಇದಕ್ಕೂ ಸ್ವಲ್ಪ ಹಿಂದೆ, 1130-40ರ ದಶಕದಲ್ಲಿ, ಮಂಗಳೂರಲ್ಲಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುಗೆ ಯೆಮೆನ್‌ನ ಏಡನ್‌ನಿಂದ ಬಂದ ಪತ್ರಗಳೂ ಇದೇ ರಾಶಿಯಲ್ಲಿ ಸಿಕ್ಕಿವೆ, ಅವನ ಆಳು ಬೊಮ್ಮನ ಹೆಸರೂ ಬರುತ್ತೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅನುವಾದ ಜಾಸ್ತಿ ಆದ ದಿನ ಉಳಿದ ಅರ್ಧ.