ಮೂಗಿನ ಸ್ಪ್ರೇ, ಇನ್ಹೇಲರ್, ಒಂದು ಮುಲಾಮು: ಆರು ವರ್ಷ ಬಳಸಿದ ಮೇಲೆ

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತೇವೆ. ಹುಳು ಮನೆ ಗುಡಿಸಿದ ದಿನ ನನಗೆ ಸೀನು ನಿಲ್ಲುತ್ತಿರಲಿಲ್ಲ. ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ, ಗೂಡು ಬಿಡಿಸುವ ಹೊತ್ತಿಗೆ ಎದೆಯಲ್ಲಿ ಗೊರಗೊರ. ಎಷ್ಟೋ ರಾತ್ರಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದೇನೆ.

ಡಾಕ್ಟರು ಮೂಗಿಗೆ ಫ್ಲುಟಿಕಾಸೋನ್ ಸ್ಪ್ರೇ, ಎದೆಗೆ ಬ್ಯುಡೆಸೊನೈಡ್ ಇನ್ಹೇಲರ್ ಬರೆದರು. ಎರಡೂ ಸ್ಟೆರಾಯ್ಡೇ, ಅಂದರೆ ಉರಿಯೂತ ಇಳಿಸುವ ಔಷಧಿ. ಅತ್ತೆ ಹೆದರಿಬಿಟ್ಟರು. "ಮೈ ಊದುತ್ತಂತೆ ಕಣಮ್ಮಾ, ಬೇಡ" ಅಂದರು. ಅವರ ಭಯ ಸುಳ್ಳಲ್ಲ. ಸ್ಟೆರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹಾಗಾಗುತ್ತದೆ. ಆದರೆ ಲೆಕ್ಕ ನೋಡಿ. ನನಗೆ ಒಮ್ಮೆ ಉಬ್ಬಸ ಜಾಸ್ತಿಯಾದಾಗ ಕೊಟ್ಟ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ. ಇನ್ಹೇಲರ್‌ನಲ್ಲಿ ನಾನು ಎಳೆಯುವುದು ದಿನಕ್ಕೆ 400 ಮೈಕ್ರೋಗ್ರಾಂ, ಅಂದರೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಅದೂ ನೇರ ಎದೆಗೇ ಹೋಗುತ್ತದೆ.

ಸ್ಪ್ರೇ ಮೊದಲ ತಿಂಗಳು ಏನೂ ಮಾಡಲಿಲ್ಲ. ಮೂಗಿನ ನಡುಗೋಡೆಗೇ ಹೊಡೆದುಕೊಂಡು ಜೋರಾಗಿ ಎಳೆಯುತ್ತಿದ್ದೆ. ಔಷಧಿ ಗಂಟಲಿಗಿಳಿಯುತ್ತಿತ್ತು, ಮೂಗಲ್ಲಿ ರಕ್ತ ಬರುತ್ತಿತ್ತು. ಆಮೇಲೆ ಡಾಕ್ಟರೇ ಕೈ ಹಿಡಿದು ತೋರಿಸಿದರು. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಿವಿಯ ಕಡೆ ತಿರುಗಿರಬೇಕು. ಉಸಿರು ಮೆಲ್ಲಗೆ ಎಳೆಯಬೇಕು. ಇದು ಸೀನು ಬಂದಾಗ ಹೊಡೆಯುವ ಔಷಧಿಯಲ್ಲ, ದಿನಾ ಬೇಕು. ಪೂರ್ತಿ ಗುಣ ಕಾಣಲು ವಾರ, ಎರಡು ವಾರ ಹಿಡಿಯುತ್ತದೆ. ಈಗ ಹೊಸ ಬೆಳೆಗೆ ಚಾಕಿ ಹುಳು (ಎಳೆ ಹುಳು) ತರುವ ಮುಂಚೆಯೇ ಶುರು ಮಾಡುತ್ತೇನೆ. 5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ ಚಳಿಗಾಲದಲ್ಲಿ ಮೂಗು ಒಣಗುತ್ತದೆ.

ಇನ್ಹೇಲರ್‌ಗೆ 5ಕ್ಕೆ 5. ನಿದ್ದೆ ವಾಪಸ್ ಬಂತು, ಇನ್ನೇನು ಬೇಕು? ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲೇಬೇಕು. ನಾನು ಬಿಟ್ಟಿದ್ದಕ್ಕೆ ನಾಲಿಗೆ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು. ಉಸಿರು ಕಟ್ಟಿದ ಕ್ಷಣಕ್ಕೆ ಇದು ಆಗಿಬರುವುದಿಲ್ಲ, ಅದಕ್ಕೆ ಡಾಕ್ಟರು ಬೇರೆ ಇನ್ಹೇಲರ್ ಕೊಟ್ಟಿದ್ದಾರೆ.

ಮುಲಾಮಿನ ಕತೆ ಮಾತ್ರ ನೋವಿನದು. ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗಿತ್ತು. ಚೀಟಿ ಇಲ್ಲದೆ ಒಂದು ಅಂಗಡಿಯಿಂದ ಟ್ಯೂಬ್ ತಂದೆ. ಎರಡೇ ದಿನಕ್ಕೆ ತುರಿಕೆ ಮಾಯ. ತಿಂಗಳಾಗುವಷ್ಟರಲ್ಲಿ ಸೊಂಟದವರೆಗೂ ಹರಡಿತು. ಅದರಲ್ಲಿ ಕ್ಲೊಬೆಟಸಾಲ್ ಬೆರೆತಿತ್ತು, ತುಂಬಾ ಜೋರಾದ ಸ್ಟೆರಾಯ್ಡ್. ತುರಿಕೆ ಅಡಗಿಸಿ ಹುಳುಕಡ್ಡಿ ತರುವ ಬೂಷ್ಟನ್ನು ಬೆಳೆಯಲು ಬಿಡುತ್ತದೆ, ಚರ್ಮ ತೆಳುವಾಗಿಸುತ್ತದೆ. ಇಂಥ ಮುಲಾಮು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ. ಮುಖ ಬೆಳ್ಳಗಾಗಲಿ ಅಂತ ಇದನ್ನೇ ಹಚ್ಚುವ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ದಯವಿಟ್ಟು ಬೇಡ ಕಣ್ರಮ್ಮಾ. ಟ್ಯೂಬಿನ ಮೇಲಿನ ಹೆಸರು ಒಮ್ಮೆ ಓದಿ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಇನ್ಹೇಲರ್ ಜೊತೆ ಸ್ಪೇಸರ್ (ಇನ್ಹೇಲರ್ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಕೊಟ್ಟಿದ್ದರೆ ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಔಷಧಿ ಒಳಗೋಡೆಗೇ ಅಂಟಿಕೊಳ್ಳುತ್ತದೆ.